ಬಾಯಿಯ ಬ್ಯಾಕ್ಟೀರಿಯಾ ಪ್ರಯೋಗ ರೆಕಾರ್ಡ್ ಪುಸ್ತಕಕ್ಕೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ಬಿ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಹಲವು ಕಾಲೇಜುಗಳಿಗೆ ಹೋಗಿ ಬಂದವಳು ನಾನು. ‘ಬಾಯಿಯಿಂದ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿ ಗುರುತಿಸುವುದು’ ಎಂಬ ಪ್ರಯೋಗವು ನಾನು ನೋಡಿದ ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಹಿಂದಿನ ವರ್ಷದವರ ನಕಲಾಗಿಯೇ ಉಳಿದಿರುವುದನ್ನು ಕಂಡು, ಮನಸ್ಸು ತಡೆಯದೆ ಈ ಪತ್ರ ಬರೆಯುತ್ತಿದ್ದೇನೆ.

ಈ ಪ್ರಯೋಗದ ಮಾದರಿಗೆ ಕಾಸಿನ ಖರ್ಚಿಲ್ಲ. ಹಲ್ಲಿನ ಬುಡದ ಪಾಚಿಯನ್ನು ಸ್ಟೆರೈಲ್ ಕಡ್ಡಿಯಿಂದ ಸವರಿ ತೆಗೆದರೆ ಸಾಕು. ಆದರೆ ಅದನ್ನು ಬರಿಯ ನ್ಯೂಟ್ರಿಯೆಂಟ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಪೋಷಕ ಮಾಧ್ಯಮ) ಮೇಲೆ ಎಳೆದು, ಮರುದಿನ ಕಂಡ ಎರಡು ಮೂರು ಬಗೆಯ ಕಾಲೊನಿಗಳನ್ನೇ (ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾ ಗುಂಪುಗಳನ್ನೇ) ‘ಬಾಯಿಯ ಬ್ಯಾಕ್ಟೀರಿಯಾ’ ಎಂದು ಬರೆದು ಮುಗಿಸುವುದು ಸರಿಯಲ್ಲ. ಮನುಷ್ಯರ ಬಾಯಿಯಲ್ಲಿ ಸುಮಾರು 700 ಪ್ರಭೇದಗಳನ್ನು ಗುರುತಿಸಲಾಗಿದ್ದು, ವಸಡಿನ ಸಂದಿಯಲ್ಲಿರುವ ಅನೇಕವು ಆಮ್ಲಜನಕ ಸೋಕಿದರೆ ಬೆಳೆಯುವುದೇ ಇಲ್ಲ. ಹೇರಳವಾಗಿ ಸಿಗುವ, ಸರದಂತೆ ಜೋಡಿಕೊಂಡ ದುಂಡು ಬ್ಯಾಕ್ಟೀರಿಯಾಗಳಾದ ಸ್ಟ್ರೆಪ್ಟೊಕಾಕಸ್‌ಗಳಿಗಾದರೂ ಶೇ 5ರಷ್ಟು ಕುರಿಯ ರಕ್ತ ಬೆರೆಸಿದ ಬ್ಲಡ್ ಅಗರ್ ಬೇಕು, ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುವಂತೆ ಉರಿಯುವ ಮೇಣದಬತ್ತಿಯನ್ನಿಟ್ಟು ಮುಚ್ಚಿದ ಜಾಡಿಯೂ ಇದ್ದರೆ ಒಳ್ಳೆಯದು. ಆಗ ಸೂಜಿಮೊನೆಯಷ್ಟು ಕಾಲೊನಿಗಳ ಸುತ್ತ ಹಸಿರು ಛಾಯೆ ಕಾಣುತ್ತದೆ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು, ಪರೀಕ್ಷೆಗೆ ಕೊಟ್ಟ ತಟ್ಟೆಯಿಂದ ಇಂಥದೇ ಕಾಲೊನಿಯನ್ನೆತ್ತಿ ಹೈಡ್ರೋಜನ್ ಪೆರಾಕ್ಸೈಡಿನ ಹನಿಗೆ ಸೇರಿಸಿದಾಗ ನೊರೆ ಉಕ್ಕಿತು. ಅವಳ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ವಿಧಾನ) ಸ್ಲೈಡಿನಲ್ಲಿ ನೇರಳೆ ಮಣಿಗಳ ಸರ ಸ್ಪಷ್ಟವಾಗಿ ಕಾಣುತ್ತಿದ್ದರೂ, ನೊರೆಯನ್ನು ನಂಬಿ, ಗೊಂಚಲಾಗಿ ಕಾಣುವ ‘ಸ್ಟೆಫೈಲೊಕಾಕಸ್’ ಎಂದು ಬರೆದಳು. ಕಾಲೊನಿಯ ಜೊತೆಗೆ ಬ್ಲಡ್ ಅಗರಿನ ಚೂರೂ ಬಂದಿತ್ತು. ಪೆರಾಕ್ಸೈಡನ್ನು ಒಡೆದು ನೊರೆಯೆಬ್ಬಿಸುವ ಕ್ಯಾಟಲೇಸ್ ಎಂಬ ಕಿಣ್ವ ಸ್ಟೆಫೈಲೊಕಾಕಸ್‌ನಲ್ಲಿದೆ, ಸ್ಟ್ರೆಪ್ಟೊಕಾಕಸ್‌ನಲ್ಲಿಲ್ಲ; ಆದರೆ ಕೆಂಪು ರಕ್ತಕಣಗಳಲ್ಲೂ ಅದು ಇರುವುದರಿಂದ ನೊರೆಯೆದ್ದಿತ್ತು. ಮರದ ಕಡ್ಡಿಯ ತುದಿಯಿಂದ ಕಾಲೊನಿಯ ಮೇಲ್ಭಾಗವನ್ನಷ್ಟೇ ತೆಗೆಸಿ ಮತ್ತೆ ಮಾಡಿಸಿದಾಗ ಒಂದು ಗುಳ್ಳೆಯೂ ಬರಲಿಲ್ಲ. ಬುದ್ಧಿವಂತ ಹುಡುಗಿ, ಅದುವರೆಗೆ ಅವಳ ಕೈಯಿಂದ ಒಮ್ಮೆಯೂ ಇದನ್ನು ಮಾಡಿಸಿರಲಿಲ್ಲ.

ಇವರಲ್ಲಿ ಹಲವರು ನಾಳೆ ಆಸ್ಪತ್ರೆಗಳ ಲ್ಯಾಬ್ ಸೇರುತ್ತಾರೆ. ಹೃದಯದ ಕವಾಟ ಮೊದಲೇ ಕೆಟ್ಟಿರುವವರ ರಕ್ತಕ್ಕೆ ಇದೇ ಬಾಯಿಯ ಸ್ಟ್ರೆಪ್ಟೊಕಾಕಸ್ ಸೇರಿದರೆ ಕವಾಟಕ್ಕೆ ಸೋಂಕು ತಗುಲಿ ಜೀವಕ್ಕೇ ಕುತ್ತು ಬರಬಹುದು. ಅಂಥವರ ರಕ್ತದ ಕಲ್ಚರ್‌ನಲ್ಲಿ ಬೆಳೆದದ್ದನ್ನು ತಪ್ಪಾಗಿ ಹೆಸರಿಸಿದರೆ ಆ್ಯಂಟಿಬಯಾಟಿಕ್ ಆಯ್ಕೆಯೂ ತಪ್ಪೀತು.

ಆದ್ದರಿಂದ ಪ್ರತಿ ವಿದ್ಯಾರ್ಥಿಗೆ ಎರಡಾದರೂ ಬ್ಲಡ್ ಅಗರ್ ತಟ್ಟೆಗಳು ಸಿಗುವಷ್ಟು ಹಣವನ್ನು ಲ್ಯಾಬ್‌ಗಳಿಗೆ ಒದಗಿಸಬೇಕು. ಬಳಸಿದ ತಟ್ಟೆಗಳನ್ನು ಆಟೊಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಜೀವಾಣುಗಳನ್ನು ಕೊಲ್ಲದೆ) ಕಸಕ್ಕೆ ಹಾಕುವುದು ನಿಲ್ಲಬೇಕು. ವಿಶ್ವವಿದ್ಯಾಲಯಗಳು ರೆಕಾರ್ಡ್ ಪುಸ್ತಕದ ಅಂಕಗಳಲ್ಲಿ ಅರ್ಧವನ್ನಾದರೂ ವಿದ್ಯಾರ್ಥಿ ತಾನೇ ಎಳೆದು ಬೆಳೆಸಿದ ತಟ್ಟೆಗೆ ಮೀಸಲಿಡಬೇಕು.

– ನಿವೃತ್ತ ಉಪನ್ಯಾಸಕಿ, ದಾವಣಗೆರೆ