ಕಾಲುವೆಗೆ ಪೈಪು ಇಳಿಸುವ ಮೊದಲು

ಚಿರಂಜೀವಿ ಅಳಿಯನಿಗೆ, ಸಿರವಾರ ಕಡೆಯಿಂದ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮಾಗಿದ್ದೇವೆ. ನಿಮ್ಮ ಅತ್ತೆಯ ಮಂಡಿನೋವು ಒಂದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೊನ್ನೆ ನಿಮ್ಮವ್ವ ಫೋನು ಮಾಡಿದ್ದಳು. ಕಾಲುವೆಯ ಮೇಲ್ಗಡೆ ಐದು ಎಕರೆ ಹೊಲ ಲೀಜಿಗೆ ಹಿಡಿದಿದ್ದೀಯಂತೆ. ಹತ್ತು ಎಚ್‌ಪಿ ಮೋಟರು ತಂದಿದ್ದೀಯಂತೆ. ಮುಂಗಾರಿಗೆ ನೀರು ಬಿಟ್ಟ ಕೂಡಲೇ ಪೈಪು ಇಳಿಸಿ ಅಲ್ಲೂ ಭತ್ತ ಹಚ್ಚುತ್ತೀಯಂತೆ. ಅವಳು ಹೆಮ್ಮೆಯಿಂದಲೇ ಹೇಳಿದಳು. ಮಗ ದುಡಿಯುತ್ತಾನೆ ಅಂದರೆ ಯಾವ ತಾಯಿಗೆ ಖುಷಿ ಆಗಲ್ಲ? ನಾನು ಹೂಂ ಅಂದು ಸುಮ್ಮನಾದೆ. ಫೋನಿನಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ, ಅದಕ್ಕೇ ಈ ಕಾಗದ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ನಿನ್ನ ಹೊಲ ಕಾರಟಗಿ ಹತ್ತಿರ, ನನ್ನದು ಸಿರವಾರದ ಹತ್ತಿರ. ಎರಡಕ್ಕೂ ಕಾಲುವೆ ಒಂದೇ. ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನವಿ, ಸಿರವಾರ ದಾಟಿ ರಾಯಚೂರಿನ ತನಕ ಬರಬೇಕು. 141 ಮೈಲಿ, ಅಂದರೆ 227 ಕಿಲೋಮೀಟರ್. ಬರಬೇಕು ಅಂತ ಬರೆದೆ, ಬರುತ್ತದೆ ಅಂತಲ್ಲ. ನಿನಗೆ ಕಾಲುವೆ ಅಂದರೆ ಮನೆ ಮುಂದೆ ತುಂಬಿ ಹರಿಯುವ ನೀರು. ನಮಗೆ ಕಾಲುವೆ ಅಂದರೆ 104ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜು. ಅಲ್ಲಿ ಇವತ್ತು ಎಷ್ಟು ಅಡಿ ಇದೆ ಅಂತ ಬೆಳಗ್ಗೆ ಎದ್ದ ತಕ್ಷಣ ಮೊಬೈಲ್ ನೋಡುತ್ತೇವೆ. ಗೇಜು ಇಳಿಯಿತು ಅಂದರೆ ಧರಣಿ, ರಸ್ತೆ ತಡೆ. ಆಮೇಲೆ ಕಾಲುವೆ ಉದ್ದಕ್ಕೂ ನಿಷೇಧಾಜ್ಞೆ, ಪೊಲೀಸ್ ಕಾವಲು. ನೀರಿಗೆ ಪೊಲೀಸರು ಕಾಯುವ ಊರಲ್ಲಿ ನಾವು ಬದುಕುತ್ತಿದ್ದೇವೆ. ಇದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ ಯಾರಿಗೂ ವಿಚಿತ್ರ ಅನ್ನಿಸುವುದೂ ಇಲ್ಲ.

ನೀನು ಏನು ಹೇಳುತ್ತೀ ಅಂತ ನನಗೆ ಗೊತ್ತು. "ಎಲ್ರೂ ಹಾಕ್ಯಾರ ಮಾವ, ನಾನೊಬ್ಬ ಬಿಟ್ರೆ ಏನಾಗ್ತೈತಿ?" ಹೋದ ಸಲ ಬಂದಾಗಲೂ ಬೇರೆ ಯಾವುದೋ ವಿಷಯಕ್ಕೆ ಇದೇ ಮಾತು ಆಡಿದ್ದೆ. ಸರಿ, ನೀನೊಬ್ಬನದೇ ಲೆಕ್ಕ ಹಾಕೋಣ. ಭತ್ತ ಹಚ್ಚಿದ ಮೇಲೆ ಕೊಯ್ಲಿನ ತನಕ ಹೊಲಕ್ಕೆ ಒಟ್ಟು ನಾಲ್ಕು ಅಡಿ ನೀರು ಹೋಗುತ್ತದೆ ಅಂತ ಹಿಡಿ. ಐದು ಎಕರೆಗೆ ಅದು ಹತ್ತಿರ ಹತ್ತಿರ ಎರಡೂವರೆ ಕೋಟಿ ಲೀಟರ್. ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. ಮಳೆಯ ಪಾಲು ಕಳೆದರೂ ನಿನ್ನ ಐದು ಎಕರೆಯ ನೀರು ಏಳೆಂಟು ನೂರು ಜನರ ಒಂದು ಹಳ್ಳಿಗೆ ವರ್ಷಪೂರ್ತಿ ಆಗುತ್ತದೆ. ಅದೂ ಲೀಜಿನ ಹೊಲದ್ದು ಮಾತ್ರ. ನಿನ್ನ ಸ್ವಂತ ನಾಲ್ಕು ಎಕರೆ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಹಳ್ಳಿಯ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಈ ಕಡೆ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆ ತುಂಬುವುದು ಇದೇ ಕಾಲುವೆಯಿಂದ. ಬೋರು ಹಾಕಿಸಿಕೊಳ್ಳಿ ಅಂತ ನೀನು ಹೇಳಬಹುದು. ರಾಯಚೂರು ಜಿಲ್ಲೆಯ ಬಹಳ ಹಳ್ಳಿಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಾದ ಮಕ್ಕಳನ್ನು ನೀನೇ ನಮ್ಮೂರ ಜಾತ್ರೆಯಲ್ಲಿ ನೋಡಿದ್ದೀ. ಕೆರೆ ತುಂಬದ ವರ್ಷ ಜನ ಆ ನೀರನ್ನೇ ಕುಡಿಯುತ್ತಾರೆ, ಇಲ್ಲವೇ ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಮೂಲೆಯಲ್ಲೊಂದು ಶೆಡ್ಡು. ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಹುಡುಗ ಇರುವುದಿಲ್ಲ. ಇವರೆಲ್ಲ ಮಳೆ ಆಶ್ರಯದ ಊರಿನವರಲ್ಲ ಅಳಿಯಾ, ನೀರಾವರಿ ಅಂತ ಕಾಗದದಲ್ಲಿ ಬರೆದಿರುವ ಊರಿನವರು.

ಕಾಲುವೆ ಮಾಡುವಾಗ ಹಿರಿಯರು ಲೆಕ್ಕ ಸರಿಯಾಗಿಯೇ ಹಾಕಿದ್ದರು. ಎಡದಂಡೆಯ ಅಚ್ಚುಕಟ್ಟು, ಅಂದರೆ ಈ ಕಾಲುವೆಯ ನೀರಿಗೆ ಹಕ್ಕಿರುವ ಹೊಲ, ಸುಮಾರು 6 ಲಕ್ಷ ಎಕರೆ. ಅದರಲ್ಲಿ ಹೆಚ್ಚಿನದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಭತ್ತಕ್ಕೆ ಅಂತ ಇಟ್ಟದ್ದು ಸಣ್ಣ ಪಾಲು. ಆಮೇಲೆ ಏನಾಯಿತು ಅಂತ ನಿನಗೆ ಹೇಳಬೇಕಿಲ್ಲ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಬಂದವು, ಭತ್ತ ಬಂತು, ಅಕ್ಕಿ ಮಿಲ್ಲು ಬಂದವು. ಸೋನಾ ಮಸೂರಿಯಿಂದ ಗಂಗಾವತಿಗೆ ಭತ್ತದ ಕಣಜ ಅಂತ ಹೆಸರೂ ಬಂತು. ಆ ದುಡ್ಡಿನಲ್ಲಿ ಮನೆಗಳು ಎದ್ದವು, ಮಕ್ಕಳು ಓದಿದರು. ನಿಮ್ಮವ್ವನ ಮದುವೆ ಆ ಕಡೆ ಮಾಡಿದ್ದೂ ನೀರು ನೋಡಿಯೇ. ಹಾಗಾಗಿ ಭತ್ತ ಬೆಳೆಯುವವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆಯ ಕೆಲವು ಮುಖಂಡರು ಮೈಕು ಸಿಕ್ಕರೆ ಹಾಗೆ ಕೂಗುತ್ತಾರೆ, ಅದು ನನಗೆ ಸೇರುವುದಿಲ್ಲ. ಆದರೆ ಅಚ್ಚುಕಟ್ಟಿನ ಹೊರಗಿನ ಹೊಲಕ್ಕೆ ಮೋಟರು ಇಟ್ಟು ನೀರು ಎತ್ತುವುದು ಬೇರೆ ವಿಷಯ. ಅಲ್ಲಿ ನಿನಗೆ ಹಕ್ಕಿನ ನೀರು ಒಂದು ಹನಿಯೂ ಇಲ್ಲ.

ಕಾನೂನಿನ ಹೆದರಿಕೆ ಹಾಕುವುದಿಲ್ಲ. 2024ರಲ್ಲಿ ಸರ್ಕಾರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಕಾಲುವೆ ನೀರು ಕದಿಯುವವರಿಗೆ ಶಿಕ್ಷೆ ಜಾಸ್ತಿ ಮಾಡಿತು. ಆದರೂ ಹಗಲು ಕಿತ್ತ ಪೈಪು ರಾತ್ರಿ ಮತ್ತೆ ಇಳಿಯುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕಾಯುವವನು ಇಲ್ಲದಾಗ ನೀನು ಏನು ಮಾಡುತ್ತೀ ಅನ್ನುವುದಷ್ಟೇ ನನ್ನ ಪ್ರಶ್ನೆ.

ಈಗ ನಿನ್ನ ಸ್ವಂತ ಹೊಲದ ಮಾತು. ಇದನ್ನು ಸ್ವಲ್ಪ ನಿಧಾನಕ್ಕೆ ಓದು. ನಮ್ಮದು ಎರೆ ಭೂಮಿ. ನೀರು ಹಿಡಿದುಕೊಳ್ಳುತ್ತದೆ, ಬೇಗ ಬಸಿಯುವುದಿಲ್ಲ. ವರ್ಷಕ್ಕೆ ಎರಡು ಸಲ ಭತ್ತ ಹಚ್ಚಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಅಡಿಯ ನೀರಿನ ಮಟ್ಟ ಮೇಲೆ ಏರುತ್ತದೆ. ಆ ನೀರಿನಲ್ಲಿ ಉಪ್ಪು ಇರುತ್ತದೆ. ಬೇಸಿಗೆಯಲ್ಲಿ ಹೊಲ ಒಣಗಿದಾಗ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದೇ ಸವಳು. ಮೊದಲು ಹೊಲದ ತಗ್ಗಿನ ಮೂಲೆಯಲ್ಲಿ ಪೈರು ಹಳದಿಯಾಗುತ್ತದೆ. ನೀವು ಗೊಬ್ಬರ ಸಾಲದು ಅಂತ ಇನ್ನೊಂದು ಚೀಲ ಯೂರಿಯಾ ಚೆಲ್ಲುತ್ತೀರಿ. ಕೆಲವು ವರ್ಷ ಕಳೆದ ಮೇಲೆ ಅಲ್ಲಿ ಬಿಳಿ ಪುಡಿ ಕಾಣುತ್ತದೆ. ಆಮೇಲೆ ಅಲ್ಲಿ ಜಾಲಿ ಬಿಟ್ಟರೆ ಬೇರೇನೂ ಬರುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು, ಜೌಗು ಎರಡೂ ಸೇರಿ ಕೆಟ್ಟ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಅಂತ ಬಲ್ಲವರ ಲೆಕ್ಕ. ಎಕರೆಗೆ ಹೇಳಿದರೆ ಎರಡು ಲಕ್ಷಕ್ಕೂ ಜಾಸ್ತಿ. ನೀರು ಸಿಗದೆ ಕೆಟ್ಟ ಭೂಮಿ ಅಲ್ಲ ಇದು, ನೀರು ಜಾಸ್ತಿಯಾಗಿ ಕೆಟ್ಟದ್ದು.

ಒಂದು ತಮಾಷೆ ನೋಡು. ನಮ್ಮ ಕಡೆಯ ಹೊಲ ನೀರಿಲ್ಲದೆ ಬೀಳು ಬಿದ್ದರೂ ಒಂದು ಒಳ್ಳೆ ಮಳೆಗೆ ಮತ್ತೆ ಬಿತ್ತಬಹುದು. ಸವಳು ಹತ್ತಿದ ಹೊಲ ಹಾಗಲ್ಲ. ಒಳಗೆ ಪೈಪು ಹೂತು ಬಸಿಗಾಲುವೆ ಮಾಡಬೇಕು, ಜಿಪ್ಸಂ ಹಾಕಬೇಕು, ನೀರು ಕಟ್ಟಿ ಉಪ್ಪು ತೊಳೆಯಬೇಕು. ದುಡ್ಡೂ ಬೇಕು, ವರ್ಷಗಳೂ ಬೇಕು. ನೀನು ಕಾಲುವೆ ಮೇಲ್ಗಡೆ ಹೊಸದಾಗಿ ಭತ್ತ ಹಚ್ಚಿದರೆ ಅಲ್ಲಿಂದ ಜಿನುಗಿದ ನೀರು ಎಲ್ಲಿಗೆ ಇಳಿಯುತ್ತದೆ? ಕೆಳಗಿರುವ ನಿನ್ನ ಸ್ವಂತ ಹೊಲಕ್ಕೇ ಅಲ್ವಾ?

ಇನ್ನು ಸರ್ಕಾರ ನೋಡಿಕೊಳ್ಳುತ್ತದೆ ಅನ್ನುವ ಮಾತು. 1953ರಲ್ಲಿ ಡ್ಯಾಮು ಮುಗಿದಾಗ ಅದರಲ್ಲಿ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ಉಳಿದದ್ದು 105.788. ಹತ್ತಿರ ಹತ್ತಿರ 27 ಟಿಎಂಸಿ ಜಾಗ ಮಣ್ಣಿನ ಪಾಲಾಯಿತು. ಆ ನಷ್ಟಕ್ಕೆ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುತ್ತೇವೆ ಅಂತ ಚುನಾವಣೆಗೊಮ್ಮೆ ಕೇಳುತ್ತೇವೆ. ಮೂರು ರಾಜ್ಯ ಒಪ್ಪಬೇಕು. ಒಪ್ಪಲಿ, ಕಟ್ಟಲಿ, ನನಗೂ ಬೇಕು. ಅಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ತುಂಬಿದ ಡ್ಯಾಮು, ಕೊಚ್ಚಿಹೋದ ಗೇಟು. ಆ ವಾರ ನಾವು ಟಿವಿ ಮುಂದೆಯೇ ಕೂತಿದ್ದೆವು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರೂ ಕೆಲಸಗಾರರೂ ಸೇರಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು. ಆಮೇಲೆ ಮಳೆಯೂ ಕೈಬಿಡಲಿಲ್ಲ, ಡ್ಯಾಮು ಮತ್ತೆ ತುಂಬಿತು. ಮುಂದಿನ ವರ್ಷ 33 ಗೇಟುಗಳನ್ನೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಆ ವರ್ಷ ನಿನ್ನ ಕಡೆಯವರಿಗೆ ಎಷ್ಟು ಕಷ್ಟವಾಯಿತು ಅಂತ ನಿಮ್ಮವ್ವ ಹೇಳಿದ್ದಾಳೆ. ಆ ಕಷ್ಟ ನಮಗೆ ಹೊಸದಾಗಿರಲಿಲ್ಲ. ಚೈನು ಒಂದೇ ರಾತ್ರಿಯಲ್ಲಿ ತುಂಡಾದರೂ ಸವೆದದ್ದು ವರ್ಷಗಟ್ಟಲೆ. ಕಾಲುವೆಯ ವಿಷಯದಲ್ಲೂ ನಾವು ಈಗ ಸವೆಯುವ ವರ್ಷಗಳಲ್ಲಿದ್ದೇವೆ ಅಂತ ನನಗೆ ಅನ್ನಿಸುತ್ತದೆ. ಈಗ ಧರಣಿ, ಬೈಗುಳ. ಮುಂದೆ ಕೆಳಗಿನ ಊರಿನವರು ಮೇಲಿನ ಊರಿಗೆ ಬೀಗತನ ಮಾಡುವುದಿಲ್ಲ ಅನ್ನುವ ದಿನ ಬರಬಹುದು. ಅದು ಆಗಬಾರದು ಅಂದರೆ ಯಾವನೋ ಒಬ್ಬ ಮೊದಲು ತನ್ನ ಪೈಪು ತೆಗೆಯಬೇಕು. ಆ ಒಬ್ಬ ನನ್ನ ಅಳಿಯನೇ ಯಾಕಾಗಬಾರದು?

ಕೊಪ್ಪಳದ ಹಿರೇಹಳ್ಳ ನಿನಗೆ ಗೊತ್ತಲ್ಲ. ಜಾಲಿ ಬೆಳೆದು, ಹೂಳು ತುಂಬಿ, ಕಸ ಸುರಿಯುವ ಜಾಗವಾಗಿತ್ತು. 2019ರಲ್ಲಿ ಗವಿಮಠದ ಸ್ವಾಮಿಗಳು ತಾವೇ ಹಳ್ಳಕ್ಕೆ ಇಳಿದರು. ಯಾರ ಟೆಂಡರಿಗೂ ಕಾಯಲಿಲ್ಲ. ಅವರು ಇಳಿದದ್ದು ನೋಡಿ ಊರವರು ಇಳಿದರು, ಜೆಸಿಬಿ ಬಂದವು, ದುಡ್ಡು ಬಂತು. ಸ್ವಾಮಿಗಳಿಗೆ ಭಕ್ತರಿದ್ದಾರೆ, ನನಗೆ ಯಾರಿದ್ದಾರೆ ಅಂತೀಯಾ? ಹೌದು, ನಿನ್ನ ಹಿಂದೆ ಸಾವಿರ ಜನ ಬರುವುದಿಲ್ಲ. ಆದರೆ ನಿನ್ನ ತೂಬಿನಲ್ಲಿ ನೀರು ಕಟ್ಟುವವರು ಎಷ್ಟು ಜನ? ಅವರಲ್ಲಿ ನಿನ್ನ ಜೊತೆ ಓದಿದವರು ಇದ್ದಾರೆ. ನೀನು ಪೈಪು ಹಾಕಿದರೆ "ಅವನೇ ಹಾಕ್ಯಾನ" ಅಂತ ಅವರಿಗೆ ಧೈರ್ಯ ಬರುತ್ತದೆ. ನೀನು ಬಿಟ್ಟರೆ ಇಬ್ಬರಿಗಾದರೂ ಮುಜುಗರ ಆಗುತ್ತದೆ. ಮುಜುಗರ ಸಣ್ಣ ಸಂಗತಿ ಅಂದುಕೊಳ್ಳಬೇಡ. ನಮ್ಮ ಊರುಗಳು ಇಷ್ಟಾದರೂ ನಡೆಯುತ್ತಿರುವುದು ಅದರಿಂದಲೇ.

ಏನು ಮಾಡಬೇಕು ಅಂತ ಕೇಳಿದರೆ, ನನ್ನ ಮನಸ್ಸಿನಲ್ಲಿ ಇರುವುದು ಇಷ್ಟು. ಲೀಜಿನ ಹೊಲ ಬಿಟ್ಟುಬಿಡು. ಬಿಡಲು ಆಗದಿದ್ದರೆ ಅಲ್ಲಿ ಮಳೆ ನಂಬಿ ಸಜ್ಜೆ, ತೊಗರಿ ಹಾಕು. ಸ್ವಂತ ನಾಲ್ಕು ಎಕರೆಯಲ್ಲಿ ಭತ್ತವನ್ನೇ ಬೆಳೆ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಎರಡು ಎಕರೆ ಈ ಸಲ ನೇರ ಕೂರಿಗೆ ಬಿತ್ತನೆ ಮಾಡಿ ನೋಡು. ಸಸಿ ಮಡಿ ಬೇಡ, ಕೆಸರು ಮಾಡುವುದು ಬೇಡ, ನಾಟಿಯ ಆಳಿಗೆ ಅಲೆಯುವುದು ಬೇಡ. ನೀರು ಎಷ್ಟೋ ಉಳಿಯುತ್ತದೆ. ಕಾಲುವೆಗೆ ನೀರು ಬಿಡುವುದು ತಡವಾದರೂ ಮಳೆ ಹದಕ್ಕೆ ಬಿತ್ತಬಹುದು. ಕಳೆ ಜಾಸ್ತಿ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ತಿಂಗಳು ಕಳೆಯ ಮೇಲೆ ಕಣ್ಣಿಡದಿದ್ದರೆ ಬೆಳೆ ಕೈಬಿಡುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನು ಕೇಳು, ಗಂಗಾವತಿಯಲ್ಲಿ ಅವರ ಸಂಶೋಧನಾ ಕೇಂದ್ರ ನಿನಗೆ ಹತ್ತಿರವೇ. ಹೋಗುವಾಗ ತಗ್ಗಿನ ಮೂಲೆಯ ಮಣ್ಣು ಒಂದು ಚೀಲದಲ್ಲಿ ತಗೊಂಡು ಹೋಗು. ಸವಳು ಎಷ್ಟು ಏರಿದೆ ಅಂತ ಗೊತ್ತಾಗಲಿ.

ನಿಮ್ಮ ಹೊಲದ ಪಕ್ಕದ ಬಸಿಗಾಲುವೆಯಲ್ಲಿ ಆಪು ಬೆಳೆದು ನೀರು ನಿಂತಿದೆ. ಅದನ್ನು ತೆಗೆಸುವುದಕ್ಕೆ ಅರ್ಜಿ ಕೊಟ್ಟು ಕಾಯುವ ಬದಲು ತೂಬಿನವರೆಲ್ಲ ಸೇರಿ ಒಂದು ದಿನ ಜೆಸಿಬಿ ಹಿಡಿಯಿರಿ. ನೀರು ಬಳಕೆದಾರರ ಸಂಘ ಅಂತ ನಿಮ್ಮಲ್ಲಿ ಒಂದು ಬೋರ್ಡು ಇದೆ. ಒಳಗೆ ಯಾರಾದರೂ ಇದ್ದಾರಾ ನೋಡು. ಇಲ್ಲದಿದ್ದರೆ ನೀನೇ ಹೋಗಿ ಕೂಡು. ಸರದಿ ಪ್ರಕಾರ ನೀರು ಕಟ್ಟುವ ಪಟ್ಟಿ ಗೋಡೆಗೆ ಅಂಟಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇದೆಲ್ಲ ಜುಲೈಗೆ ಕಾಲುವೆಗೆ ನೀರು ಬರುವ ಮೊದಲೇ ಆಗಬೇಕು. ನೀರು ಬಂದ ಮೇಲೆ ಯಾರಿಗೂ ಮಾತು ಕೇಳಿಸುವುದಿಲ್ಲ.

ನಿನ್ನ ಮೇಲೆ ಸಾಲ ಇದೆ, ನನಗೆ ಗೊತ್ತಿದೆ. ಲೀಜಿಗೆ ಕೊಟ್ಟ ಮುಂಗಡ ವಾಪಸು ಬರದಿದ್ದರೆ ಅರ್ಧ ನಾನು ಕೊಡುತ್ತೇನೆ. ಹೋದ ವರ್ಷದ ಹತ್ತಿಯ ದುಡ್ಡು ಇನ್ನೂ ಬ್ಯಾಂಕಿನಲ್ಲಿದೆ. ಇದನ್ನು ನಿಮ್ಮತ್ತೆಗೆ ಹೇಳಿಯೇ ಬರೆಯುತ್ತಿದ್ದೇನೆ, ಅವಳೂ ಹೂಂ ಅಂದಿದ್ದಾಳೆ. ಮೋಟರು ಅಂಗಡಿಯವನಿಗೆ ವಾಪಸು ಕೊಡು. ಅವನು ಒಪ್ಪದಿದ್ದರೆ ಇಲ್ಲಿಗೆ ಕಳಿಸು, ನಮ್ಮ ಕೃಷಿ ಹೊಂಡಕ್ಕೆ ಒಂದು ಬೇಕಾಗಿದೆ, ಬೆಲೆ ನೀನೇ ಹೇಳು.

ಅಮಾವಾಸ್ಯೆ ಕಳೆದ ಮೇಲೆ ನಾನು ಆ ಕಡೆ ಬರುತ್ತೇನೆ. ಆಗ ಹೊಲಕ್ಕೆ ಹೋಗೋಣ, ತೂಬಿನವರನ್ನೂ ಕರೆದಿರು. ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳು. ಈ ಕಾಗದ ಅವಳಿಗೂ ಓದಿ ಹೇಳು, ಬೈದಿದ್ದಾನೆ ಅಂತ ಮಾತ್ರ ಹೇಳಬೇಡ.

ಇಂತಿ ನಿನ್ನ ಪ್ರೀತಿಯ ಮಾವ