ಕೊನೆಯ ಬೆಂಚಿನಿಂದ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಮನೆ ಹತ್ತಿರದ ಚರ್ಚಿಗೆ ಒಂದು ಭಾನುವಾರ ಹೋಗಿ ಸುಮ್ನೆ ಕೂತು ಬರಬೇಕು ಅನ್ನಿಸಿದೆ, ಆದರೆ ಒಳಗೆ ಹೋದ ಮೇಲೆ ಏನು ಮಾಡಬೇಕು ಅಂತ ಗೊತ್ತಿಲ್ಲ, ಯಾಕೆ ಬಂದೆ ಅಂತ ಯಾರಾದರೂ ಕೇಳಿಬಿಟ್ಟರೆ ಅಂತೆಲ್ಲ ಬರೆದಿದ್ದೀಯ. ಒಂದೂವರೆ ವರ್ಷದ ಹಿಂದೆ ನನಗೂ ಇದೇ ಭಯ ಇತ್ತು. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೇ ಪತ್ರ.

ಮೊದಲನೇದಾಗಿ, ಯಾರೂ ಕೇಳುವುದಿಲ್ಲ ಮಾರಾಯ. ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಸುಮ್ಮನಿರಿಸುವುದರಲ್ಲೇ ಇರುತ್ತಾರೆ.

ನಾನು ಹೋಗಲು ಶುರು ಮಾಡಿದ್ದು ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡಾಗ. ಅವರದು ಕ್ಯಾಥೊಲಿಕ್ ಚರ್ಚ್. ಪೆಟ್ಟಿಗೆ ಮುಂದೆ ಇತ್ತು. ಯಾರಾದರೂ ಎದ್ದು ಆಕೆಯ ಬಗ್ಗೆ ಭಾಷಣ ಮಾಡುತ್ತಾರೆ ಅಂದುಕೊಂಡಿದ್ದೆ. ಯಾರೂ ಹೊಗಳಲಿಲ್ಲ. ಹೆಸರು ಹಿಡಿದು ಪ್ರಾರ್ಥಿಸಿದರು, ಅಷ್ಟೆ. ಸತ್ತವರನ್ನು ಒಳ್ಳೆಯವರು ಅಂತ ಸಾಬೀತು ಮಾಡುವ ಆತುರ ಅಲ್ಲಿ ಯಾರಿಗೂ ಇರಲಿಲ್ಲ. ಅದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮುಂದಿನ ಭಾನುವಾರ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ನೋಡಿಕೊಂಡು ಬರೋಣ ಅಂತ.

ನೋಡೋಕೆ ಬಿಡಬೇಕಲ್ಲ! ಎರಡು ನಿಮಿಷ ಕೂರುವಷ್ಟರಲ್ಲಿ ಎಲ್ಲರೂ ಎದ್ದರು. ನಾನು ಎದ್ದೆ, ಅವರು ಕೂತರು. ಮತ್ತೆ ಎದ್ದರು, ಆಮೇಲೆ ಮೊಣಕಾಲೂರಿದರು. ಫಾದರ್ ಒಂದು ಮಾತು ಹೇಳಿದರೆ ಇಡೀ ಸಭೆ ಒಂದೇ ದನಿಯಲ್ಲಿ ತಿರುಗಿ ಉತ್ತರಿಸುತ್ತದೆ, ನನ್ನ ಬಾಯಿ ಮಾತ್ರ ಮುಚ್ಚಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಕಡೆ ನೋಡದೆಯೇ ತಮ್ಮ ಪುಸ್ತಕವನ್ನು ಇಬ್ಬರ ನಡುವೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟರು.

ಆವತ್ತೇ ನನ್ನ ದೊಡ್ಡ ಎಡವಟ್ಟು. ಪರಮ ಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಹಂಚುವ ರೊಟ್ಟಿಗೆ, ಬೆಂಚಿನವರೆಲ್ಲ ಎದ್ದರು. ನಾನು ಒಳತುದಿಯಲ್ಲಿದ್ದೆ. ಎದ್ದು ಸಾಲಿನಲ್ಲಿ ನಡೆದೆ. ಫಾದರ್ ನಾಣ್ಯದಷ್ಟಗಲದ ತೆಳ್ಳನೆ ರೊಟ್ಟಿ ಬಿಲ್ಲೆ ಎತ್ತಿ ಹಿಡಿದು 'ಕ್ರಿಸ್ತರ ಶರೀರ' ಅಂದರು. 'ಆಮೆನ್' ಅನ್ನಬೇಕಿತ್ತು. ನಾನು 'ಥ್ಯಾಂಕ್ಸ್' ಅಂದೆ.

ಫಾದರ್ ಒಂದು ಕ್ಷಣ ನನ್ನ ಮುಖ ನೋಡಿ, ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ವಿಧಿ) ಆಗಿದೆಯಾ ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂತ ತಲೆಯಾಡಿಸಿದೆ. ಬಿಲ್ಲೆಯನ್ನು ಪಾತ್ರೆಯಲ್ಲಿ ಇಟ್ಟು, ನನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಿದರು. ಕಿವಿ ಬಿಸಿಯಾಯಿತು. ಆದರೆ ಬೇಜಾರಾಗಲಿಲ್ಲ. ಅವರಿಗೆ ಅದು ಸಿಹಿ ಹಂಚಿದ ಹಾಗಲ್ಲ, ಅವರ ನಂಬಿಕೆಯ ಪ್ರಕಾರ ಅದು ಕ್ರಿಸ್ತನೇ. ಅದನ್ನು ಕೈಗೆ ಬಂದವರಿಗೆಲ್ಲ ಕೊಟ್ಟಿದ್ದರೆ ನನಗೇ ಅದರ ಮೇಲೆ ಗೌರವ ಕಡಿಮೆ ಆಗುತ್ತಿತ್ತೇನೋ. ನೀನು ಕೂತಲ್ಲೇ ಕೂರು, ಯಾರೂ ತಪ್ಪು ತಿಳಿಯುವುದಿಲ್ಲ. ಬೆಂಚಿನ ಹೊರತುದಿ ಹಿಡಿ, ಉಳಿದವರು ಹೋಗಿಬರಲು ಸುಲಭ.

ಇಷ್ಟೆಲ್ಲ ಏಳುವುದು ಕೂರುವುದು ಯಾಕೆ ಅಂತ ಆಮೇಲೆ ಸ್ವಲ್ಪ ಓದಿದೆ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬವರು ಚಕ್ರವರ್ತಿಗೆ ಒಂದು ಮನವಿ ಬರೆದಿದ್ದರು. ಕ್ರೈಸ್ತರ ಬಗ್ಗೆ ಇಲ್ಲದ ಸಲ್ಲದ ಮಾತು ಹರಡಿದ್ದ ಕಾಲ. ನಾವು ಭಾನುವಾರ ಸೇರಿ ಮಾಡುವುದು ಇಷ್ಟೇ ಅಂತ ವಿವರಿಸಿದ್ದಾರೆ. ಸಮಯ ಇರುವಷ್ಟು ಧರ್ಮಗ್ರಂಥ ಓದುತ್ತೇವೆ. ಮುಂದಾಳು ಅದರ ಬಗ್ಗೆ ಮಾತಾಡುತ್ತಾರೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತೇವೆ. ರೊಟ್ಟಿ, ದ್ರಾಕ್ಷಾರಸ ತರುತ್ತಾರೆ. ಮುಂದಾಳು ಸ್ತೋತ್ರ ಹೇಳಿದ ಮೇಲೆ ಜನ ಆಮೆನ್ ಅನ್ನುತ್ತಾರೆ. ಹಂಚಿಕೊಳ್ಳುತ್ತೇವೆ, ಬರಲಾಗದವರಿಗೆ ಕಳಿಸುತ್ತೇವೆ. ಇದ್ದವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ. ನಂಬಿಕೆ ಬಿಡಲೊಪ್ಪದ್ದಕ್ಕೆ ಅವರನ್ನು ಕೊಂದರು. ಅವರು ಬರೆದ ಕ್ರಮ ಮಾತ್ರ ಉಳಿಯಿತು. ಓದಿದಾಗ ಮೈ ಜುಂ ಅಂದಿತು, ಯಾಕಂದರೆ ಹಿಂದಿನ ವಾರವಷ್ಟೇ ಅದನ್ನೆಲ್ಲ ಅದೇ ಸಾಲಿನಲ್ಲಿ ಕಂಡಿದ್ದೆ.

ಅಂದ ಮಾತ್ರಕ್ಕೆ ಪ್ರತಿ ವಾರ ಮೈ ಜುಂ ಅನ್ನುತ್ತದೆ ಅಂದುಕೊಳ್ಳಬೇಡ. ಫಾದರ್ ಉಪದೇಶ (ಪ್ರಸಂಗ ಅಂತಾರೆ) ಎಷ್ಟೋ ಸಲ ಸಪ್ಪೆ. ಹಾಡಿನವರು ಶ್ರುತಿ ತಪ್ಪುತ್ತಾರೆ. ಕಾಣಿಕೆ ಚೀಲ ಬಂದಾಗ ಜೇಬು ತಡಕಾಡುವ ಮುಜುಗರ ಇದ್ದೇ ಇದೆ (ಹಾಕಲೇಬೇಕು ಅಂತ ಇಲ್ಲ, ಮುಂದಕ್ಕೆ ದಾಟಿಸು). ಎಷ್ಟೋ ವಾರ ನನ್ನ ತಲೆಯಲ್ಲಿ ಓಡುವುದು ಆಫೀಸಿನ ಜಗಳವೇ.

ಆದರೂ ಒಂದು ಮಾತು ಹೇಳಬೇಕು. ಪೂಜೆಯ ಶುರುವಿನಲ್ಲಿ ಎಲ್ಲರೂ ಸೇರಿ ತಪ್ಪೊಪ್ಪಿಗೆ ಹೇಳುತ್ತಾರೆ, ಎದೆ ಮುಟ್ಟಿಕೊಂಡು. ಅದರಲ್ಲಿ ಮಾಡಿದ ಪಾಪದ ಜೊತೆ, ಮಾಡಬೇಕಾಗಿದ್ದನ್ನು ಮಾಡದೆ ಬಿಟ್ಟದ್ದೂ ಸೇರುತ್ತದೆ. ಮೂರೋ ನಾಲ್ಕೋ ವಾರ ಅದನ್ನು ಬಾಯಿಪಾಠದ ಹಾಗೆ ಒಪ್ಪಿಸಿದ್ದೆ. ಒಂದು ವಾರ ಆ ಜಾಗಕ್ಕೆ ಬಂದಾಗ ನೀನು ನೆನಪಾದೆ. ನಿಮ್ಮಪ್ಪ ಹೋಗಿ ಎರಡು ವಾರ ಆಗಿತ್ತು. ಸುದ್ದಿ ಗೊತ್ತಿತ್ತು. ಏನು ಮಾತಾಡುವುದು ಅಂತ ತೋಚದೆ, ನಾಳೆ ನಾಳೆ ಅಂತ ಫೋನ್ ಮಾಡದೆ ಕೂತಿದ್ದೆ. ಆವತ್ತು ಮಧ್ಯಾಹ್ನ ನಿನಗೆ ಫೋನ್ ಬಂತಲ್ಲ, ಅದು ಹೀಗೆ ಬಂದದ್ದು. ಕೆಲಸ ಜಾಸ್ತಿ ಇತ್ತು ಕಣೋ ಅಂತ ಸುಳ್ಳು ಹೇಳಿದ್ದೆ.

ನೀನು ಹೋಗುವುದು ಯಾವ ಚರ್ಚು ಅಂತ ಬರೆದಿಲ್ಲ. ಪ್ರೊಟೆಸ್ಟೆಂಟ್ ಆದರೆ ಸಾಮಾನ್ಯವಾಗಿ ಬೈಬಲ್ ಪ್ರಸಂಗಕ್ಕೆ ಹೆಚ್ಚು ಹೊತ್ತು. ಪ್ರಭು ಭೋಜನ, ಅಂದರೆ ಅವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು, ಪ್ರತಿ ವಾರ ಇರಲಿಕ್ಕಿಲ್ಲ. ಪೆಂತೆಕೊಸ್ತ್ ಆದರೆ ಚಪ್ಪಾಳೆ, ವಾದ್ಯ, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವುದು ಎಲ್ಲ ಇರುತ್ತದೆ, ಗಾಬರಿಯಾಗಬೇಡ. ಆರ್ಥೊಡಾಕ್ಸ್ ಆದರೆ ಹಾಡು, ಧೂಪ, ತುಂಬಾ ಹೊತ್ತು ನಿಲ್ಲುವುದು. ಸಮಯ ಮೊದಲೇ ವಿಚಾರಿಸಿಕೊಂಡು ಹತ್ತು ನಿಮಿಷ ಮುಂಚೆ ಹೋಗು.

ಪೂಜೆ ಕೊನೆಗೆ ಜನರನ್ನು ಕಳಿಸಿಕೊಡುವ ಒಂದು ಚಿಕ್ಕ ಮಾತಿದೆ. ಇಡೀ ಪೂಜೆಗೆ 'ಮಾಸ್' ಅನ್ನುವ ಹೆಸರು ಬಂದದ್ದೇ ಲ್ಯಾಟಿನ್ನಿನ ಆ ಮಾತಿನಿಂದಂತೆ. ಕಾರ್ಯಕ್ರಮದ ಹೆಸರೇ 'ಇನ್ನು ಹೊರಡಿ' ಅಂತ! ಮೊದಲು ನಗು ಬಂದಿತ್ತು.

ಪುಸ್ತಕ ತೋರಿಸಿದ ಅಜ್ಜಿ ಈಚೆಗೆ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಅವರ ಜಾಗ ಖಾಲಿ. ಪ್ರತಿ ಭಾನುವಾರ ಫಾದರ್ ಚಿಕ್ಕದೊಂದು ಲೋಹದ ಡಬ್ಬಿಯಲ್ಲಿ ಪರಮ ಪ್ರಸಾದ ಇಟ್ಟು ಕೊಡುತ್ತಾರೆ, ಸಭೆಯ ಒಬ್ಬರು ಅದನ್ನು ಅವರ ಮನೆಗೆ ಒಯ್ಯುತ್ತಾರೆ. ಹೋದ ವಾರ ನಾನೂ ಜೊತೆಗೆ ಹೋದೆ. ಇವತ್ತಿನ ಶುಭಸಂದೇಶ (ಯೇಸುವಿನ ಬದುಕಿನ ಬಗ್ಗೆ ಬೈಬಲಿನಲ್ಲಿರುವ ನಾಲ್ಕು ಪುಸ್ತಕಗಳಿಂದ ಓದುವ ಭಾಗ) ಯಾವುದಿತ್ತು ಅಂತ ಅಜ್ಜಿ ನನ್ನನ್ನು ಕೇಳಿದರು. ದಾರಿ ಬದಿಯಲ್ಲಿ ಕೂತಿದ್ದ ಕುರುಡ ಬಾರ್ತಿಮಾಯನ ಕಥೆ, ಲೂಕನ ಪುಸ್ತಕದ್ದು ಅಂದೆ.

"ಹೆಸರು ಬರೋದು ಮಾರ್ಕನಲ್ಲಿ ಮಾತ್ರ," ಅಂದರು ಅಜ್ಜಿ. "ಪುಸ್ತಕ ತೆಗಿ. ಹತ್ತನೇ ಅಧ್ಯಾಯ."

ತೆಗೆದೆ. ಕನ್ನಡಕ ಸಿಗಲಿಲ್ಲ ಅಂತ ನನ್ನ ಕೈಯಲ್ಲೇ ಓದಿಸಿದರು, ಮೊದಲಿನಿಂದ ಕೊನೆಯವರೆಗೆ.

ಭಾನುವಾರ ಸಂಜೆ ಫೋನ್ ಮಾಡು.

ಇಂತಿ,
ನಿನ್ನ ಗೆಳೆಯ