ಬೀಗ ಹಾಕಿದ ಕೋಣೆಗೂ ಖರ್ಚಿದೆ

ಸಂಪಾದಕರಿಗೆ,

ಮಲೆನಾಡು, ಕರಾವಳಿಯ ದೊಡ್ಡ ಹೆಂಚಿನ ಮನೆಗಳಲ್ಲಿ ಈಗ ಇಬ್ಬರು, ಮೂವರು ಇರುವುದೇ ಹೆಚ್ಚು. ಖರ್ಚು ತೂಗಿಸಲಾಗದೆ ಅರ್ಧ ಮನೆಗೆ ಬೀಗ ಹಾಕಿಬಿಡುತ್ತಾರೆ. ಅದರಿಂದ ತಪ್ಪುವುದು ಗುಡಿಸುವ, ಒರೆಸುವ ಕೆಲಸ ಮಾತ್ರ. ದುಡ್ಡು ಹೋಗುವ ಜಾಗವೆಂದರೆ ಮಾಡು, ಅಂದರೆ ಹೆಂಚಿನ ಚಾವಣಿ. ಮಳೆಯಂತೂ ಬೀಗ ಹಾಕಿದ ಕೋಣೆಯ ಮೇಲೂ ಬೀಳುತ್ತದೆ.

3,000 ಚದರ ಅಡಿ ನೆಲವಿರುವ ಮನೆಯ ಮಾಡಿಗೆ 30 ಡಿಗ್ರಿ ಇಳಿಜಾರಿದ್ದರೆ ಅದರ ವಿಸ್ತೀರ್ಣ ಸುಮಾರು 3,450 ಚದರ ಅಡಿ. ಸೂರಿನ ಚಾಚು ಬೇರೆ. ಚದರ ಮೀಟರಿಗೆ 15 ಮಂಗಳೂರು ಹೆಂಚಿನಂತೆ 4,800 ಹೆಂಚು ಬೇಕು. ಒಂದೊಂದು ಎರಡೂವರೆ ಕೆ.ಜಿ. ತೂಗಿದರೂ ಒಟ್ಟು 12 ಟನ್, ಪಾಚಿ ಹಿಡಿದು ನೀರು ಕುಡಿದರೆ ಇನ್ನೂ ಹೆಚ್ಚು. ಮಂಗ ಹಾರಿಯೋ ತೆಂಗಿನ ಹೆಡೆ ಬಿದ್ದೋ ಒಂದು ಹೆಂಚು ಜಾರಿದರೆ ಅದರ ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಅಡ್ಡಪಟ್ಟಿ, ನೆನೆಯುತ್ತದೆ. ನೆನೆದ ರೀಪು ಬಗ್ಗಿದಾಗ ಅಕ್ಕಪಕ್ಕದ ಹೆಂಚುಗಳ ಕಚ್ಚು ಬಿಡುತ್ತದೆ, ನೀರು ರೀಪನ್ನು ಹೊತ್ತ ಇಳಿಜಾರು ತೊಲೆಗೆ, ಅಂದರೆ ಪಕಾಸಿಗೆ ಇಳಿಯುತ್ತದೆ, ಅಲ್ಲಿಂದ ಗೋಡೆಗೆ. ಒಂದು ಹೆಂಚಿನ ಕೆಲಸವಾಗಿದ್ದದ್ದು ಹೀಗೆ ಮರಗೆಲಸ, ಗಾರೆ ಕೆಲಸ ಎರಡೂ ಆಗುತ್ತದೆ. ಜನ ಓಡಾಡುವ ಕೋಣೆಯಲ್ಲಿ ಮೊದಲ ಹನಿಯೇ ಕಣ್ಣಿಗೆ ಬೀಳುತ್ತದೆ. ಮುಚ್ಚಿದ ಕೋಣೆಯಲ್ಲಿ ಗೆದ್ದಲು ಪಕಾಸಿಗೆ ಏರಿದ ಮೇಲೆಯೇ ತಿಳಿಯುವುದು.

ಹೆಂಚು ಕೈಯಾಡಿಸುವ, ಅಂದರೆ ಒಡೆದದ್ದು ಬದಲಿಸಿ ಜಾರಿದ್ದು ಸರಿಪಡಿಸುವ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಮೊದಲು ನಡುಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ ಅಟ್ಟ ಹತ್ತಿ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಹತ್ತಿರದ ಪಕಾಸಿಗೆ ಸೀಮೆಸುಣ್ಣದ ಗುರುತು ಹಾಕಿದರೆ ಕೆಲಸದವರು ಇಡೀ ಮಾಡು ಬಿಚ್ಚುವುದು ತಪ್ಪುತ್ತದೆ, ಕೂಲಿಯೂ ಉಳಿಯುತ್ತದೆ. ತೊಟ್ಟಿ ಮನೆಯಲ್ಲಿ ಎರಡು ಮಾಡು ಕೂಡುವ ಒಳಮೂಲೆಯ ತಗಡನ್ನು ಮೊದಲು ನೋಡಬೇಕು. ಅಲ್ಲಿ ಎಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರಿ ಹೆಂಚಿನಡಿ ನುಗ್ಗುತ್ತದೆ. ಬದಲಿ ಹೆಂಚು ತರುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಅನೇಕ ಕಂಪನಿಗಳು ಬಂದವು, ಒಂದರ ಹೆಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆ ಮನೆ ಕೆಡವುವಲ್ಲಿ ಅದೇ ಮುದ್ರೆಯ ಹೆಂಚು ಸಿಕ್ಕರೆ ಇನ್ನೂರಾದರೂ ತಂದಿಟ್ಟುಕೊಳ್ಳಿ.

ಸೋರಿಕೆಗೆ ಹೆದರಿ ಹೆಂಚಿನಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯುವವರಿದ್ದಾರೆ. ಗಾಳಿಯಾಡದೆ ಬೆವರು ಕಟ್ಟಿ ರೀಪು ಬೇಗ ಕೊಳೆಯುತ್ತದೆ. ಮಣ್ಣು ಅಥವಾ ಮುರಕಲ್ಲಿನ ಗೋಡೆಗೆ ಸಿಮೆಂಟ್ ಬಳಿಯುವುದೂ ಇಂಥದ್ದೇ ತಪ್ಪು: ಒಳಗಿನ ತೇವ ಹೊರಹೋಗಲಾರದೆ ಉಪ್ಪು ಮೂಡಿ ಗಾರೆ ಹಾಳೆಹಾಳೆಯಾಗಿ ಕಳಚುತ್ತದೆ. ಆ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಸರಿ. ಮುಚ್ಚಿದ ಕೋಣೆಗಳನ್ನು ವಾರಕ್ಕೊಮ್ಮೆಯಾದರೂ ತೆರೆದು ಗಾಳಿ ಆಡಿಸಿ, ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ.

ಕರೆಂಟಿನ ವಿಷಯಕ್ಕೆ ಬಂದರೆ, ಹಳೆಯ ಫ್ಯಾನು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30. ಆರು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 81 ಯೂನಿಟ್ ವ್ಯತ್ಯಾಸ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ ದೊಡ್ಡ ಮನೆಗೆ ಇದು ಸಣ್ಣ ಮಾತಲ್ಲ. ನಿಗದಿ ಶುಲ್ಕ ಬೀಳುವುದು ಮಂಜೂರಾದ ಕಿಲೋವ್ಯಾಟ್ ಮೇಲೆ. ಕೂಡುಕುಟುಂಬವಿದ್ದ ಕಾಲದಲ್ಲಿ ಪಡೆದ ಲೋಡ್ ಈಗ ಬೇಡವಾಗಿದ್ದರೆ ವಿದ್ಯುತ್ ಪೂರೈಸುವ ಕಂಪನಿಗೆ (ಎಸ್ಕಾಂ) ಅರ್ಜಿ ಕೊಟ್ಟು ಇಳಿಸಿಕೊಳ್ಳಬಹುದು.

ಇಷ್ಟೆಲ್ಲ ತಿಳಿದಿದ್ದರೂ ಮಾಡು ಹತ್ತುವ ಕೈಗಳು ಕಡಿಮೆಯಾಗುತ್ತಿವೆ. ರೀಪಿನ ಅಂತರ ಹಿಡಿಯುವುದು, ಹೆಂಚು ಒಡೆಯದಂತೆ ಹಲಗೆ ಹಾಸಿ ನಡೆಯುವುದು, ಸುಣ್ಣದ ಗಾರೆ ಹದ ಮಾಡುವುದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಸರ್ಕಾರದ ಕೌಶಲ ತರಬೇತಿಯಲ್ಲಿ ಇದನ್ನೂ ಸೇರಿಸಿ, ಕೆಲಸ ಬಲ್ಲ ಹಿರಿಯರನ್ನೇ ಗೌರವಧನ ಕೊಟ್ಟು ಕಲಿಸಲು ಕರೆಯಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ನಿಜವಾದ ಮನೆಗಳ ಮಾಡಿನ ಮೇಲೆಯೇ ಈ ತರಬೇತಿ ನಡೆಯಲಿ.

— ಹೆಂಚಿನ ಮಾಡು ಮತ್ತು ಸುಣ್ಣದ ಗಾರೆ ಕೆಲಸದವರು, ತೀರ್ಥಹಳ್ಳಿ ತಾಲ್ಲೂಕು